ಒಂಟೆ, 3000 ಬಾಳೆಹಣ್ಣು, 1000 ಕಿಲೋಮೀಟರ್ ಮರುಭೂಮಿ: ಈ ಲೆಕ್ಕ ಬಿಡಿಸುವ ಪೂರ್ತಿ ವಿಧಾನ

ಲೆಕ್ಕ ಇದು. ನಿಮ್ಮ ಹತ್ತಿರ 3000 ಬಾಳೆಹಣ್ಣು ಇವೆ, ಒಂದು ಒಂಟೆ ಇದೆ. ಮರುಭೂಮಿಯ ಆಚೆ ತುದಿ 1000 ಕಿಲೋಮೀಟರ್ ದೂರ. ಒಂಟೆ ಒಂದು ಸಲಕ್ಕೆ 1000 ಹಣ್ಣು ಮಾತ್ರ ಹೊರುತ್ತದೆ. ಒಂದು ಕಿಲೋಮೀಟರ್ ನಡೆದರೆ ಒಂದು ಹಣ್ಣು ತಿನ್ನುತ್ತದೆ, ಹೊರೆ ಹೊತ್ತು ಮುಂದೆ ಹೋದರೂ ಅಷ್ಟೇ, ಹೊರೆ ಇಳಿಸಿ ವಾಪಸ್ ಬಂದರೂ ಅಷ್ಟೇ. ಆಚೆ ತುದಿಗೆ ಹೆಚ್ಚೆಂದರೆ ಎಷ್ಟು ಹಣ್ಣು ಮುಟ್ಟಿಸಬಹುದು?

ಓದಿದ ತಕ್ಷಣ ಹೆಚ್ಚಿನವರು ದಾರಿ ಮಧ್ಯೆ ಎಲ್ಲಿ ಹಣ್ಣಿನ ಗುಡ್ಡೆ ಹಾಕಬೇಕು ಅಂತ ಊಹಿಸಲು ಶುರು ಮಾಡುತ್ತಾರೆ. 500ರಲ್ಲಾ? 250ರಲ್ಲಾ? ಎಲ್ಲರೂ ಸಿಕ್ಕಿಕೊಳ್ಳುವುದು ಇಲ್ಲೇ. ಗುಡ್ಡೆಯ ಜಾಗ ನಾವು ಆರಿಸುವುದಲ್ಲ, ಲೆಕ್ಕ ತಾನಾಗಿಯೇ ತೋರಿಸುತ್ತದೆ. ಆದರೆ ಅದಕ್ಕೆ ಕ್ರಮ ಮುಖ್ಯ: ಮೊದಲು ಓಡಾಟ ಎಣಿಸಬೇಕು, ಆಮೇಲೆ ಖರ್ಚು, ಜಾಗ ಎಲ್ಲಕ್ಕಿಂತ ಕೊನೆಗೆ. ಈ ಕ್ರಮ ತಲೆಕೆಳಗಾದರೆ ಎಷ್ಟು ಹೊತ್ತು ಕೂತರೂ ಲೆಕ್ಕ ಬಗೆಹರಿಯಲ್ಲ.

## ಏನೇನು ಬೇಕು

ಹಾಳೆ, ಪೆನ್ಸಿಲ್, ರಬ್ಬರ್. ಕ್ಯಾಲ್ಕುಲೇಟರ್ ಬೇಡ, ಅದರಲ್ಲಿ 333.3333 ಅಂತ ಬರುತ್ತದೆ, ನಿಮಗೆ ಬೇಕಾಗಿರುವುದು 333⅓. ಭಿನ್ನರಾಶಿಯಲ್ಲೇ ಇಟ್ಟುಕೊಂಡರೆ ಕೊನೆಯಲ್ಲಿ ತಾಳೆ ನೋಡುವಾಗ ಒಂದು ಹಣ್ಣೂ ಹೆಚ್ಚುಕಮ್ಮಿ ಆಗುವುದಿಲ್ಲ.

ಹಾಳೆಯ ಮೇಲ್ಗಡೆ ಅಡ್ಡಕ್ಕೆ ಒಂದು ಗೆರೆ ಎಳೆಯಿರಿ. ಎಡ ತುದಿಗೆ 0, ಬಲ ತುದಿಗೆ 1000 ಅಂತ ಬರೆಯಿರಿ. ಗೆರೆಯ ಕೆಳಗೆ ಮೂರು ಕಾಲಂ: ಎಲ್ಲಿದ್ದೇವೆ, ಎಷ್ಟು ಹಣ್ಣು ಉಳಿದಿದೆ, ಮುಂದಿನ ಒಂದು ಕಿಲೋಮೀಟರ್‌ಗೆ ಎಷ್ಟು ಓಡಾಟ. ಈ ಮೂರನೇ ಕಾಲಂ ಅನ್ನೇ ಹೆಚ್ಚಿನವರು ಬರೆಯುವುದಿಲ್ಲ, ಇಡೀ ಲೆಕ್ಕ ನಿಂತಿರುವುದೇ ಅದರ ಮೇಲೆ.

ಕೈಯಲ್ಲಿ ಮಾಡಿ ನೋಡಿದರೆ ಬೇಗ ಅರ್ಥವಾಗುತ್ತದೆ ಅನ್ನುವವರು 45 ಕಾಳು ತೆಗೆದುಕೊಳ್ಳಿ. ಹೊರೆ 15, ದೂರ 15 ಹೆಜ್ಜೆ, ಹೆಜ್ಜೆಗೆ ಒಂದು ಕಾಳು ಖರ್ಚು. ಇದೇ ಲೆಕ್ಕದ ಪುಟ್ಟ ರೂಪ ಅದು, ಭಿನ್ನರಾಶಿಯ ಕಾಟವೂ ಇಲ್ಲ. ಸರಿಯಾಗಿ ಮಾಡಿದರೆ ಕೊನೆಯಲ್ಲಿ 8 ಕಾಳು ಉಳಿಯಬೇಕು.

## 1. ಪ್ರಶ್ನೆಯಿಂದ ಷರತ್ತುಗಳನ್ನು ಹೆಕ್ಕಿ ತೆಗೆಯಿರಿ

ಮೊದಲು ನಾಲ್ಕು ಸಂಖ್ಯೆ ಬರೆದುಕೊಳ್ಳಿ. ಒಟ್ಟು ಸರಕು 3000, ಒಂದು ಹೊರೆ 1000, ದೂರ 1000, ಕಿಲೋಮೀಟರ್‌ಗೆ ಖರ್ಚು 1.

ಆಮೇಲೆ ಮೂರು ಪ್ರಶ್ನೆ ಕೇಳಿಕೊಳ್ಳಿ. ವಾಪಸ್ ಬರುವಾಗಲೂ ಒಂಟೆ ತಿನ್ನುತ್ತದಾ? ಕೊನೆಗೆ ಅದು ಹೊರಟ ಜಾಗಕ್ಕೆ ಮರಳಬೇಕಾ, ಇಲ್ಲ ಆಚೆ ತುದಿಯಲ್ಲೇ ಉಳಿದರೆ ಆಯ್ತಾ? ದಾರಿ ಮಧ್ಯೆ ಹಣ್ಣು ಇಟ್ಟು ಹೋಗಬಹುದಾ? ನಮ್ಮ ಲೆಕ್ಕದಲ್ಲಿ ತಿನ್ನುತ್ತದೆ, ಮರಳಬೇಕಿಲ್ಲ, ಇಡಬಹುದು. ಇದರಲ್ಲಿ ಒಂದು ಬದಲಾದರೂ ಉತ್ತರ ಪೂರ್ತಿ ಬೇರೆ. ಹಾಗಾಗಿ ಬೇರೆಯವರ ಉತ್ತರದ ಜೊತೆ ನಿಮ್ಮದನ್ನು ಹೋಲಿಸುವ ಮುಂಚೆ ಇಬ್ಬರದೂ ಒಂದೇ ಲೆಕ್ಕವಾ ಅಂತ ನೋಡಿಕೊಳ್ಳಿ. ಎಷ್ಟೋ ಜಗಳಗಳು ಇಷ್ಟಕ್ಕೇ ಮುಗಿಯುತ್ತವೆ.

ಕಿಲೋಮೀಟರ್‌ಗೆ 2 ಹಣ್ಣು ತಿನ್ನುತ್ತದೆ ಅಂತ ಕೊಟ್ಟಿದ್ದರೆ ಗಾಬರಿ ಬೇಡ. ಎಲ್ಲವನ್ನೂ 'ಎಷ್ಟು ಕಿಲೋಮೀಟರ್‌ನ ಊಟ' ಅಂತ ಬದಲಾಯಿಸಿ. 1000 ಹಣ್ಣು ಅಂದರೆ 500 ಕಿಲೋಮೀಟರ್‌ನ ಊಟ, ಅಷ್ಟೇ. ಉಳಿದ ವಿಧಾನ ಅದೇ.

## 2. ಒಂದೇ ಉಸಿರಿಗೆ ದಾಟಿದರೆ ಏನಾಗುತ್ತದೆ, ನೋಡಿಬಿಡಿ

1000 ಹಣ್ಣು ಹೇರಿ ಸೀದಾ ನಡೆಸಿದರೆ 1000 ಕಿಲೋಮೀಟರ್‌ಗೆ ಎಲ್ಲವೂ ಖಾಲಿ. ಒಂಟೆ ಮುಟ್ಟಿತು, ಹಣ್ಣು ಸೊನ್ನೆ. ಹಿಂದೆ ಬಿಟ್ಟ 2000 ಹಣ್ಣು ಅಲ್ಲೇ ಉಳಿಯಿತು. 500ರ ಹತ್ತಿರ ಗುಡ್ಡೆ ಹಾಕೋಣ ಅಂದರೆ ಅದೂ ಆಗಲ್ಲ, ಹೋಗಲು 500, ಬರಲು 500, ಇಡಲು ಏನೂ ಇಲ್ಲ. ಹಾಗಾದರೆ ಮೊದಲ ಗುಡ್ಡೆ 500ಕ್ಕಿಂತ ಹತ್ತಿರ ಇರಬೇಕು ಅಂತಾಯ್ತು. ಎಷ್ಟು ಹತ್ತಿರ ಅಂತ ಈಗಲೇ ಯೋಚಿಸಬೇಡಿ.

## 3. ಮೊದಲ ಒಂದೇ ಒಂದು ಕಿಲೋಮೀಟರ್ ದಾಟಿಸಿ

ಇಡೀ ಲೆಕ್ಕದಲ್ಲಿ ನಿಧಾನವಾಗಿ ಓದಬೇಕಾದ ಹಂತ ಇದು. 1000 ಕಿಲೋಮೀಟರ್ ಮರೆತುಬಿಡಿ. ಇರುವ ಅಷ್ಟೂ ಹಣ್ಣನ್ನು ಬರೀ 1 ಕಿಲೋಮೀಟರ್ ಮುಂದಕ್ಕೆ ಸಾಗಿಸಬೇಕು, ಅಷ್ಟೇ ಕೆಲಸ ಅಂದುಕೊಳ್ಳಿ.

ಒಂಟೆ 1000 ಹೊತ್ತು ಹೊರಡುತ್ತದೆ. 1 ಕಿಲೋಮೀಟರ್ ಮುಟ್ಟಿದಾಗ ಒಂದು ತಿಂದು 999 ಇರುತ್ತದೆ. ವಾಪಸ್ ಬರಲು ಒಂದು ಹಣ್ಣು ಇಟ್ಟುಕೊಂಡು 998 ಇಳಿಸುತ್ತದೆ. ಹಿಂದಕ್ಕೆ ಬಂದು ಇನ್ನೊಂದು 1000 ಹೇರಿಸಿಕೊಂಡು ಹೋಗುತ್ತದೆ, ಮತ್ತೆ 998 ಇಳಿಸಿ ಹಿಂದಕ್ಕೆ ಬರುತ್ತದೆ. ಕೊನೆಯ 1000 ಹೊತ್ತು ಹೋಗುತ್ತದೆ. ಈ ಸಲ ವಾಪಸ್ ಬರುವ ಕೆಲಸ ಇಲ್ಲ, ಹಾಗಾಗಿ 999 ಪೂರ್ತಿ ಅಲ್ಲೇ ಉಳಿಯುತ್ತದೆ. ಕೂಡಿಸಿ: 998 + 998 + 999 = 2995.

3000 ಇದ್ದದ್ದು 2995 ಆಯ್ತು, ಅಂದರೆ ಒಂದು ಕಿಲೋಮೀಟರ್‌ಗೆ 5 ಹಣ್ಣು ಖರ್ಚು. ಯಾಕೆ 5? ಮೂರು ಸಲ ಮುಂದಕ್ಕೆ, ಎರಡು ಸಲ ಹಿಂದಕ್ಕೆ. ಈ 5 ಅನ್ನು ಮೂರನೇ ಕಾಲಂನಲ್ಲಿ ಬರೆಯಿರಿ.

ಸೂತ್ರ ಬೇಕೆಂದರೆ ಹೀಗೆ: ಹೊರೆ ಎಷ್ಟೋ ಅದರ ಎರಡರಷ್ಟರಲ್ಲಿ ಒಂದು ಕಳೆಯಿರಿ. 3 ಹೊರೆಗೆ 5, 2 ಹೊರೆಗೆ 3, 1 ಹೊರೆಗೆ 1. ಮರಳಿ ಬರಬೇಕಿಲ್ಲದ ಲೆಕ್ಕದಲ್ಲಿ ಈ ಸಂಖ್ಯೆ ಯಾವಾಗಲೂ ಬೆಸವೇ. ಸಮಸಂಖ್ಯೆ ಬಂತು ಅಂದರೆ ಕೊನೆಯ ಸಲವೂ ಒಂಟೆಯನ್ನು ಸುಮ್ನೆ ವಾಪಸ್ ಕರೆಸಿದ್ದೀರಿ ಅಂತ ಅರ್ಥ.

ಇನ್ನೊಂದು ಮಾತು. ಓಡಾಟ ತೀರ್ಮಾನವಾಗುವುದು ಹೊರೆಯ ಸಂಖ್ಯೆಯಿಂದ, ಹಣ್ಣಿನ ಸಂಖ್ಯೆಯಿಂದಲ್ಲ. 2995 ಹಣ್ಣು ಇದ್ದರೂ 3 ಹೊರೆ ಬೇಕೇ ಬೇಕು, 2001 ಇದ್ದರೂ 3 ಹೊರೆ. ಇದು ಮನಸ್ಸಿನಲ್ಲಿ ಕೂತರೆ ಮುಂದಿನ ಹಂತ ತಾನಾಗಿಯೇ ಹೊಳೆಯುತ್ತದೆ.

## 4. ಓಡಾಟ ಯಾವಾಗ ಕಡಿಮೆಯಾಗುತ್ತದೆ ಅಂತ ಹುಡುಕಿ

ಒಂದೊಂದು ಕಿಲೋಮೀಟರ್‌ಗೂ 5 ಹಣ್ಣು ಹೋಗುತ್ತಾ ಹೋದರೆ ಒಂದು ಹಂತದಲ್ಲಿ ಉಳಿದದ್ದು ಸರಿಯಾಗಿ 2000 ಆಗುತ್ತದೆ. ಆ ಕ್ಷಣದಿಂದ ಎರಡೇ ಹೊರೆ ಸಾಕು, ಓಡಾಟ 5ರಿಂದ 3ಕ್ಕೆ ಇಳಿಯುತ್ತದೆ. ಅದು ಎಲ್ಲಿ? 1000 ಹಣ್ಣು ಖರ್ಚಾಗಬೇಕು, ಕಿಲೋಮೀಟರ್‌ಗೆ 5. 1000 ÷ 5 = 200. ಮೊದಲ ಗುಡ್ಡೆ 200ನೇ ಕಿಲೋಮೀಟರ್‌ನಲ್ಲಿ. ನಾವು ಆರಿಸಲೇ ಇಲ್ಲ, ಅಲ್ವಾ?

ಅಲ್ಲಿಂದ ಕಿಲೋಮೀಟರ್‌ಗೆ 3 ಹಣ್ಣು. 2000 ಇದ್ದದ್ದು 1000ಕ್ಕೆ ಇಳಿಯಲು 1000 ÷ 3 = 333⅓ ಕಿಲೋಮೀಟರ್. ಎರಡನೇ ಗುಡ್ಡೆ 200 + 333⅓ = 533⅓ರಲ್ಲಿ.

ಈಗ ಉಳಿದದ್ದು ಒಂದೇ ಹೊರೆ, ಒಂದೇ ಓಡಾಟ, ಇನ್ನು ಹಿಂದಿರುಗಿ ನೋಡುವಂತಿಲ್ಲ. ಉಳಿದ ದಾರಿ 1000 − 533⅓ = 466⅔. ಅಷ್ಟು ಹಣ್ಣು ದಾರಿಯಲ್ಲಿ ಹೋಗುತ್ತದೆ. ಆಚೆ ತುದಿಯಲ್ಲಿ ಉಳಿಯುವುದು 1000 − 466⅔ = 533⅓.

ಇದಕ್ಕಿಂತ ಜಾಸ್ತಿ ಸಾಧ್ಯವೇ ಇಲ್ಲ ಅಂತ ಹೇಗೆ ಹೇಳುವುದು? ಯಾರೋ ಒಬ್ಬರು 200 ಕಿಲೋಮೀಟರ್ ಬರುವ ಮುಂಚೆಯೇ ಯಾವುದೋ ಜಾಗವನ್ನು ಎರಡೇ ಹೊರೆಯಲ್ಲಿ ದಾಟಿಸಿದರು ಅಂದುಕೊಳ್ಳಿ. ಆ ಜಾಗದಿಂದ ಮುಂದಕ್ಕೆ ಅವರ ಹತ್ತಿರ ಹೆಚ್ಚೆಂದರೆ 2000 ಹಣ್ಣು ಇರುತ್ತದೆ. ನಮ್ಮ ಹತ್ತಿರವೂ 2000 ಇದೆ, ಆದರೆ ಇನ್ನೂ ಮುಂದಿನ ಜಾಗದಲ್ಲಿ. ಹಾಗಾಗಿ ಅವರು ನಮ್ಮನ್ನು ಮೀರುವುದಿಲ್ಲ. ಎರಡೇ ಹೊರೆ ಬೇಡ, ಮೂರೇ ಇರಲಿ ಅಂದರೆ 5 ಓಡಾಟಕ್ಕಿಂತ ಕಡಿಮೆಯಲ್ಲಿ ಆಗುವುದಿಲ್ಲ, 200ರಲ್ಲಿ 2000ಕ್ಕಿಂತ ಜಾಸ್ತಿ ಉಳಿಯುವುದಿಲ್ಲ. ಎರಡನೇ ಗುಡ್ಡೆಗೂ ಇದೇ ಮಾತು. ಈ ವಾದವನ್ನು ಒಮ್ಮೆ ನಿಮ್ಮ ಮಾತಿನಲ್ಲೇ ಬರೆದು ನೋಡಿ. ಪರೀಕ್ಷೆಯಲ್ಲೋ ಸಂದರ್ಶನದಲ್ಲೋ 'ಯಾಕೆ ಇದೇ ಗರಿಷ್ಠ' ಅಂತ ಕೇಳಿದಾಗ ಬೇಕಾಗುವುದು ಇದೇ.

## 5. ಹೊರೆ ಹೊರೆಯಾಗಿ ತಾಳೆ ನೋಡಿ

ಭಾಗಾಕಾರ ಮಾಡಿ ಉತ್ತರ ಬಂತು ಅಂತ ಪೆನ್ಸಿಲ್ ಕೆಳಗಿಡಬೇಡಿ. ಒಂಟೆ ನಿಜವಾಗಿಯೂ ಹೀಗೆ ನಡೆಯಬಲ್ಲದಾ, ಎಲ್ಲಾದರೂ 1000ಕ್ಕಿಂತ ಜಾಸ್ತಿ ಹೊರಬೇಕಾಗುತ್ತದಾ, ವಾಪಸ್ ಬರಲು ಊಟ ಇರುತ್ತದಾ ಅಂತ ನೋಡಬೇಕು.

200ರವರೆಗೆ: 1000 ಹೊತ್ತು ಹೊರಡುತ್ತದೆ, ದಾರಿಯಲ್ಲಿ 200 ತಿನ್ನುತ್ತದೆ, ವಾಪಸ್‌ಗೆ 200 ಇಟ್ಟುಕೊಳ್ಳುತ್ತದೆ, 600 ಇಳಿಸುತ್ತದೆ. ಎರಡನೇ ಸಲವೂ 600. ಮೂರನೇ ಸಲ 800 ಉಳಿಸಿಕೊಂಡು ಬರುತ್ತದೆ. 600 + 600 + 800 = 2000. ಸರಿಹೋಯಿತು.

200ರಿಂದ 533⅓ರವರೆಗೆ: 1000 ಹೊತ್ತು ಹೋಗಲು 333⅓, ಬರಲು 333⅓, ಇಳಿಸುವುದು 333⅓. ಎರಡನೇ ಸಲ 666⅔ ಜೊತೆ ಬರುತ್ತದೆ. ಕೂಡಿಸಿದರೆ 1000. ಇದೂ ಸರಿ.

ಕೊನೆಗೆ ತಿಂದದ್ದನ್ನೆಲ್ಲ ಕೂಡಿಸಿ: 1000 + 1000 + 466⅔ = 2466⅔. ಅದಕ್ಕೆ ಮುಟ್ಟಿದ 533⅓ ಸೇರಿಸಿದರೆ 3000. ತಿಂದದ್ದು, ಉಳಿದದ್ದು ಎರಡೂ ಸೇರಿ ಶುರುವಿನ ಸಂಖ್ಯೆಗೆ ಸಮ ಬರದಿದ್ದರೆ ಎಲ್ಲೋ ಹಣ್ಣು ಕಳೆದುಹೋಗಿದೆ, ಇಲ್ಲವೇ ಗಾಳಿಯಿಂದ ಬಂದಿದೆ. ಮುಂದೆ ಹೋಗಬೇಡಿ, ಮೂರನೇ ಹಂತಕ್ಕೆ ಮರಳಿ.

## 6. ಹಣ್ಣು ಕತ್ತರಿಸಬಾರದು ಅಂದರೆ

ಒಂಟೆ ಪ್ರತಿ ಕಿಲೋಮೀಟರ್ ಮುಗಿದ ಮೇಲೆ ಒಂದು ಇಡೀ ಹಣ್ಣು ತಿನ್ನುತ್ತದೆ, ಗುಡ್ಡೆಯನ್ನೂ ಪೂರ್ತಿ ಕಿಲೋಮೀಟರ್‌ನಲ್ಲೇ ಹಾಕಬೇಕು ಅಂದುಕೊಳ್ಳೋಣ. 200ರಲ್ಲಿ 2000, ಇದರಲ್ಲಿ ತೊಂದರೆ ಇಲ್ಲ. ಅಲ್ಲಿಂದ 333 ಕಿಲೋಮೀಟರ್ ಹೋದರೆ 999 ಖರ್ಚು, 533ರಲ್ಲಿ 1001 ಉಳಿಯುತ್ತದೆ. ಒಂದು ಹಣ್ಣು ಹೆಚ್ಚಾಯ್ತು. ಅದೊಂದಕ್ಕಾಗಿ ಇನ್ನೊಂದು ಸುತ್ತು ಹಾಕುವುದು ದಂಡ, ಬಿಟ್ಟುಬಿಡಿ. 1000 ಹೊತ್ತು 467 ಕಿಲೋಮೀಟರ್ ನಡೆದರೆ 533 ಮುಟ್ಟುತ್ತದೆ.

334 ಕಿಲೋಮೀಟರ್ ಹೋಗಿದ್ದರೆ? 1002 ಖರ್ಚು, 534ರಲ್ಲಿ 998, ಉಳಿದ 466 ಕಳೆದರೆ 532. ಒಂದು ಕಡಿಮೆ. ಹಾಗಾಗಿ ಉತ್ತರ 533.

'ಯಾವಾಗಲೂ ಕೆಳಗಿನ ಪೂರ್ಣಸಂಖ್ಯೆ ತೆಗೆದುಕೊಂಡರೆ ಆಯ್ತು' ಅಂತ ಇಲ್ಲಿಂದ ಸೂತ್ರ ಮಾಡಿಕೊಳ್ಳಬೇಡಿ. ಕೆಲವು ಲೆಕ್ಕದಲ್ಲಿ ಒಂದು ಕಿಲೋಮೀಟರ್ ಮುಂದೆ ಹೋದರೇ ಲಾಭ. ಪ್ರತಿ ಗುಡ್ಡೆಗೂ ಕೆಳಗಿನದು, ಮೇಲಿನದು ಎರಡನ್ನೂ ಪರೀಕ್ಷಿಸಿ. ಕೊನೆಯಲ್ಲಿ ಕೊಟ್ಟಿರುವ ಅಭ್ಯಾಸದ ಲೆಕ್ಕದಲ್ಲಿ ಇದು ಕಣ್ಣಿಗೆ ಕಾಣುತ್ತದೆ.

## 7. ಬಂದ ಉತ್ತರ ನೋಡಿ ತಪ್ಪು ಹಿಡಿಯಿರಿ

ತಪ್ಪು ಉತ್ತರಗಳು ಇಲ್ಲಿ ಸುಮ್ಮನೆ ಬರುವುದಿಲ್ಲ, ಒಂದೊಂದರ ಹಿಂದೆಯೂ ಒಂದು ಖಚಿತ ಕಾರಣ ಇರುತ್ತದೆ. ನಿಮಗೆ ಬಂದ ಸಂಖ್ಯೆ ಕೆಳಗೆ ಇದೆಯಾ ನೋಡಿ.

833 ಬಂತಾ? ವಾಪಸ್ ಬರುವಾಗಿನ ಊಟ ಮರೆತಿದ್ದೀರಿ. 5, 3, 1 ಬದಲು 3, 2, 1 ಅಂತ ಲೆಕ್ಕ ಹಾಕಿದರೆ ಗುಡ್ಡೆಗಳು 333⅓ ಮತ್ತು 833⅓ರಲ್ಲಿ ಬೀಳುತ್ತವೆ, ಉಳಿಯುವುದೂ 833⅓. ಎಲ್ಲರೂ ಹೆಚ್ಚಾಗಿ ಮಾಡುವ ತಪ್ಪು ಇದೇ. ಆದರೆ 'ಹೊರೆ ಇಲ್ಲದಾಗ ಒಂಟೆ ತಿನ್ನಲ್ಲ' ಅಂತ ಪ್ರಶ್ನೆಯಲ್ಲೇ ಇದ್ದರೆ 833⅓ ಸರಿ ಉತ್ತರ. ಮೊದಲ ಹಂತದಲ್ಲಿ ಷರತ್ತು ಬರೆದುಕೊಳ್ಳಿ ಅಂದದ್ದು ಇದಕ್ಕೇ.

416 ಬಂತಾ? ಒಂದು ವಾಪಸ್ ಪ್ರಯಾಣ ಜಾಸ್ತಿ ಎಣಿಸಿದ್ದೀರಿ. 5 ಮತ್ತು 3 ಇರಬೇಕಾದಲ್ಲಿ 6 ಮತ್ತು 4 ಹಾಕಿದಾಗ ಎರಡನೇ ಗುಡ್ಡೆ 416⅔ರಲ್ಲಿ ಬೀಳುತ್ತದೆ.

400 ಬಂತಾ? ಒಂದೇ ಗುಡ್ಡೆ ಹಾಕಿದ್ದೀರಿ, ಅದರ ಮಟ್ಟಿಗೆ ಚೆನ್ನಾಗಿಯೇ ಹಾಕಿದ್ದೀರಿ. 400 ಕಿಲೋಮೀಟರ್‌ವರೆಗೂ 5ರಂತೆ ಖರ್ಚು ಮಾಡಿ 1000 ಉಳಿಸಿಕೊಂಡು ಹೊರಟರೆ 400 ಮುಟ್ಟುತ್ತದೆ. ತೊಂದರೆ ಎಲ್ಲಿ ಅಂದರೆ 200 ದಾಟಿದ ಮೇಲೆ 3ರಲ್ಲಿ ಮುಗಿಯುವ ಕೆಲಸಕ್ಕೆ 5 ಕೊಡುತ್ತಾ ಹೋಗಿದ್ದೀರಿ.

500 ಬಂತಾ? ಗುಡ್ಡೆಗಳನ್ನು 250 ಮತ್ತು 500ರಲ್ಲಿ ಹಾಕಿದ್ದೀರಿ, ಸಮ ಭಾಗ ಮಾಡುವ ಆಸೆಗೆ. 200ರಿಂದ 250ರವರೆಗಿನ 50 ಕಿಲೋಮೀಟರ್‌ನಲ್ಲಿ ತಲಾ 2 ಹಣ್ಣು ಜಾಸ್ತಿ ಹೋಯಿತು, ಒಟ್ಟು 100. ಆ 100 ಹಣ್ಣಿನಲ್ಲಿ 3ರಂತೆ 33⅓ ಕಿಲೋಮೀಟರ್ ಮುಂದೆ ಹೋಗಬಹುದಿತ್ತು. 533⅓ಕ್ಕೂ 500ಕ್ಕೂ ಇರುವ ವ್ಯತ್ಯಾಸ ನೋಡಿ, ಅಷ್ಟೇ.

200 ಬಂತಾ? ಮೊದಲ ಗುಡ್ಡೆ ಸರಿಯಾದ ಜಾಗದಲ್ಲೇ ಹಾಕಿದ್ದೀರಿ, ಆದರೆ ಅಲ್ಲಿಂದ ಒಂದೇ ಹೊರೆ ಎತ್ತಿಕೊಂಡು ಸೀದಾ ನಡೆದಿದ್ದೀರಿ. 1000 ಹಣ್ಣು ಅಲ್ಲೇ ಕೊಳೆಯುತ್ತಿದೆ.

ಗುಡ್ಡೆ ಜಾಸ್ತಿಯಾದರೆ ನಷ್ಟವಾ ಅಂತ ಕೇಳುವವರಿದ್ದಾರೆ. ಇಲ್ಲ. 100ರಲ್ಲಿ ಒಂದು, 200ರಲ್ಲಿ ಒಂದು ಹಾಕಿದರೂ ಉತ್ತರ ಬದಲಾಗಲ್ಲ, ಯಾಕೆಂದರೆ 100ರಲ್ಲಿ 2500 ಇರುತ್ತದೆ, ಅಲ್ಲೂ 3 ಹೊರೆ, ಅದೇ 5 ಓಡಾಟ. ನಷ್ಟ ಆಗುವುದು 200 ಅನ್ನೋ 533⅓ ಅನ್ನೋ ಬಿಟ್ಟು ಹೋದಾಗ ಮಾತ್ರ.

'150ರಲ್ಲೇ ಗುಡ್ಡೆ ಹಾಕಿ, ಹೆಚ್ಚಾದ 250 ಹಣ್ಣು ಬಿಸಾಕಿ, ಎರಡೇ ಹೊರೆಯಲ್ಲಿ ಹೋದರೆ ಓಡಾಟ ಉಳಿಯುತ್ತಲ್ಲ' ಅನ್ನುವುದು ಇನ್ನೊಂದು ಯೋಚನೆ. ಯೋಚನೆ ಒಳ್ಳೆಯದೇ, ಲೆಕ್ಕ ಮಾಡಿ ನೋಡಿದರೆ 483⅓ ಬರುತ್ತದೆ, 50 ಕಡಿಮೆ. ಹಣ್ಣು ಬಿಡುವುದು ಲಾಭವಾಗುವುದು ಆರನೇ ಹಂತದಲ್ಲಿ ಕಂಡಂತೆ ಒಂದೆರಡು ಹಣ್ಣು ಹೆಚ್ಚಾಗಿ ಉಳಿದಾಗ ಮಾತ್ರ.

## 8. ಸಂಖ್ಯೆಗಳು ಬದಲಾದರೆ

ಸರಕು ಹೊರೆಯ ಲೆಕ್ಕಕ್ಕೆ ಸರಿಯಾಗಿ ಭಾಗವಾಗದೇ ಇರಬಹುದು. 2700 ಹಣ್ಣು ಇದೆ ಅನ್ನಿ. 2700ಕ್ಕೆ 3 ಹೊರೆ ಬೇಕು, ಹಾಗಾಗಿ 5 ಓಡಾಟ. ಆದರೆ 2000ಕ್ಕೆ ಇಳಿಯಲು 700 ಖರ್ಚಾದರೆ ಸಾಕು. 700 ÷ 5 = 140. ಮೊದಲ ಗುಡ್ಡೆ 140ರಲ್ಲಿ, ಎರಡನೆಯದು 473⅓ರಲ್ಲಿ, ಮುಟ್ಟುವುದು 473⅓. ಇಲ್ಲಿ 1000 ÷ 5 ಅಂತ ಅಭ್ಯಾಸಬಲದಿಂದ ಬರೆದುಬಿಡುವವರು ತುಂಬಾ ಜನ. ಭಾಗಿಸಬೇಕಾದದ್ದು ಹೊರೆಯನ್ನಲ್ಲ, ಮುಂದಿನ ಸಾವಿರದ ಗಡಿಗೆ ಇಳಿಯಲು ಎಷ್ಟು ಕಳೆಯಬೇಕೋ ಅದನ್ನು.

ಆಚೆ ತುದಿ ಹತ್ತಿರ ಇದ್ದರೆ ಗುಡ್ಡೆಗಳ ಪಟ್ಟಿಯನ್ನು ಕುರುಡಾಗಿ ಹಾಕಬೇಡಿ. 3000 ಹಣ್ಣು, ದೂರ 150 ಅಂದರೆ ಮೊದಲ ಗುಡ್ಡೆ ಬರುವ ಮುಂಚೆಯೇ ದಾರಿ ಮುಗಿಯಿತು. 5 × 150 = 750 ಖರ್ಚು, 2250 ಮುಟ್ಟುತ್ತದೆ. ದೂರ 300 ಆದರೆ 200ರವರೆಗೆ 1000, ಉಳಿದ 100ಕ್ಕೆ 300, ಒಟ್ಟು 1300 ಖರ್ಚು, 1700 ಮುಟ್ಟುತ್ತದೆ.

ದೂರ ತುಂಬಾ ಜಾಸ್ತಿಯಾದರೆ? 3 ಹೊರೆಯಲ್ಲಿ ಒಂಟೆ ಹೆಚ್ಚೆಂದರೆ 200 + 333⅓ + 1000 = 1533⅓ ಕಿಲೋಮೀಟರ್ ಹೋಗಬಲ್ಲದು, ಅದೂ ಬರಿಗೈಯಲ್ಲಿ ಮುಟ್ಟುತ್ತದೆ. 1600 ಕಿಲೋಮೀಟರ್ ಕೊಟ್ಟಿದ್ದರೆ ಉತ್ತರ 'ಸಾಧ್ಯವಿಲ್ಲ'.

ಕೆಲವು ಸಲ ಪ್ರಶ್ನೆಯನ್ನೇ ತಿರುಗಿಸಿ ಕೇಳುತ್ತಾರೆ: ಇಷ್ಟು ದೂರ ದಾಟಲು ಕನಿಷ್ಠ ಎಷ್ಟು ಸರಕು ಬೇಕು? ಆಗ ಆಚೆ ತುದಿಯಿಂದ ಹಿಂದಕ್ಕೆ ಬನ್ನಿ. ಕೊನೆಯ 1000 ಕಿಲೋಮೀಟರ್‌ಗೆ ಒಂದು ಹೊರೆ, ಅದರ ಹಿಂದಿನ 333⅓ಕ್ಕೆ ಇನ್ನೊಂದು, ಅದರ ಹಿಂದಿನ 200ಕ್ಕೆ ಇನ್ನೊಂದು, ಆಮೇಲೆ 1000ದ ಏಳನೇ ಒಂದು ಭಾಗ, ಒಂಬತ್ತನೇ ಒಂದು ಭಾಗ, ಹೀಗೆ. ಒಂದೊಂದು ಹೊರೆ ಸೇರಿಸಿದಾಗಲೂ ಸಿಗುವ ದೂರ ಕುಗ್ಗುತ್ತಾ ಹೋಗುತ್ತದೆ. 2000 ಕಿಲೋಮೀಟರ್ ದಾಟಬೇಕು ಅಂದರೆ 7 ಹೊರೆಯಲ್ಲಿ ಸುಮಾರು 1955 ಕಿಲೋಮೀಟರ್‌ವರೆಗೆ ಮಾತ್ರ ಹೋಗಬಹುದು. ಬಾಕಿ ಉಳಿದ ಸುಮಾರು 45 ಕಿಲೋಮೀಟರ್‌ಗೆ 15 ಓಡಾಟದಂತೆ ಇನ್ನೂ 673ರಷ್ಟು ಹಣ್ಣು. ಒಟ್ಟು ಸುಮಾರು 7673. ದೂರ ಎರಡರಷ್ಟಾದರೆ ಸರಕು ಏಳು ಪಟ್ಟಿಗಿಂತ ಜಾಸ್ತಿ! ಹಾಗಿದ್ದರೂ ಈ ಭಾಗಗಳ ಮೊತ್ತಕ್ಕೆ ಮೇಲ್ಮಿತಿ ಇಲ್ಲ. ಸರಕು ಎಷ್ಟು ಬೇಕಾದರೂ ಸಿಗುವ ಹಾಗಿದ್ದರೆ ಎಷ್ಟೇ ದೊಡ್ಡ ಮರುಭೂಮಿಯನ್ನಾದರೂ ದಾಟಬಹುದು.

## 9. ಹೊರಟ ಜಾಗಕ್ಕೆ ಮರಳಲೇಬೇಕು ಅಂದರೆ

ಈ ರೂಪದಲ್ಲಿ ಪ್ರಶ್ನೆ ಹೀಗಿರುತ್ತದೆ: 3000 ಹಣ್ಣಿನಲ್ಲಿ ಎಷ್ಟು ದೂರ ಹೋಗಿ ಸುರಕ್ಷಿತವಾಗಿ ಮರಳಬಹುದು? ಎಷ್ಟು ಸಲ ಹೋಗುತ್ತೀರೋ ಅಷ್ಟು ಸಲ ಬರಬೇಕು, ಹಾಗಾಗಿ ಓಡಾಟ 6, 4, 2. ಇಲ್ಲಿ ಸಮಸಂಖ್ಯೆಯೇ ಸರಿ.

1000 ÷ 6 = 166⅔, 1000 ÷ 4 = 250, 1000 ÷ 2 = 500. ಕೂಡಿಸಿದರೆ 916⅔ ಕಿಲೋಮೀಟರ್.

ಇಲ್ಲಿ ಎಡವುವುದು ವಾಪಸ್ ದಾರಿಯ ಊಟದಲ್ಲಿ. ಮೂರು ಸಲ ಹೋದ ಮೇಲೆ 166⅔ರ ಗುಡ್ಡೆಯಲ್ಲಿ 666⅔ + 666⅔ + 833⅓ = 2166⅔ ಇರುತ್ತದೆ. ಅದರಲ್ಲಿ 166⅔ ಅನ್ನು ಕೊನೆಯ ಮರಳುವಿಕೆಗೆ ಅಂತ ಪಕ್ಕಕ್ಕೆ ತೆಗೆದಿಡಿ, ಮುಟ್ಟಬೇಡಿ. ಮುಂದಕ್ಕೆ ಒಯ್ಯುವುದು 2000 ಮಾತ್ರ. ಎರಡನೇ ಗುಡ್ಡೆಯಲ್ಲೂ ಹಾಗೇ, 1250 ಇರುತ್ತದೆ, 250 ಮೀಸಲು, 1000 ಪ್ರಯಾಣಕ್ಕೆ. ಹಾಳೆಯಲ್ಲಿ 'ಮೀಸಲು' ಅಂತ ಇನ್ನೊಂದು ಕಾಲಂ ಹಾಕಿಕೊಳ್ಳಿ, ತಲೆಯಲ್ಲೇ ಇಟ್ಟುಕೊಂಡರೆ ಖಂಡಿತ ಮರೆತುಹೋಗುತ್ತದೆ.

## 10. ಒಂಟೆ ಬದಲು ಜೊತೆಗಾರರಿದ್ದರೆ

ಇದು ಅದೇ ಜಾತಿಯ ಲೆಕ್ಕ, ಆದರೆ ಗುಡ್ಡೆ ಹಾಕುವಂತಿಲ್ಲ. ಮರುಭೂಮಿ ದಾಟಲು 6 ದಿನ ಬೇಕು. ಒಬ್ಬರು 4 ದಿನದ ಊಟ ಮಾತ್ರ ಹೊರಬಲ್ಲರು. ಒಬ್ಬ ಪ್ರಯಾಣಿಕ ದಾಟಬೇಕು, ಜೊತೆಗೆ ಬಂದವರೆಲ್ಲ ಹಸಿವಿನಿಂದ ನರಳದೆ ಹಿಂದಿರುಗಬೇಕು. ಎಷ್ಟು ಜನ ಜೊತೆಗಾರರು ಬೇಕು?

ಒಬ್ಬರು ಸಾಕು ಅಂತ ಅನಿಸುತ್ತದೆ, ಯಾಕೆಂದರೆ ಇಬ್ಬರ ಹತ್ತಿರ ಒಟ್ಟು 8 ದಿನದ ಊಟ ಇದೆ, 6 ಪ್ರಯಾಣಿಕನಿಗೆ, 2 ಜೊತೆಗಾರನಿಗೆ. ಮೊತ್ತ ಸರಿಯಾಗಿದೆ, ಆದರೂ ಆಗಲ್ಲ. ಮೊದಲ ದಿನ ಮುಗಿದಾಗ ಇಬ್ಬರ ಹತ್ತಿರವೂ 3 ದಿನದ ಊಟ ಇರುತ್ತದೆ. ಜೊತೆಗಾರ 1 ಇಟ್ಟುಕೊಂಡು 2 ಕೊಡಬಲ್ಲ. ಆದರೆ ಪ್ರಯಾಣಿಕನ ಚೀಲದಲ್ಲಿ ಜಾಗ ಇರುವುದು ಒಂದಕ್ಕೇ! ಅಲ್ಲಿಂದ ಅವನ ಹತ್ತಿರ 4, ಒಟ್ಟು 5 ದಿನ. ಒಂದು ದಿನ ಕಮ್ಮಿ ಬಿತ್ತು. ಈ ಜಾತಿಯ ಲೆಕ್ಕದಲ್ಲಿ ಮೊತ್ತದ ಜೊತೆ ಚೀಲದ ಜಾಗವನ್ನೂ ನೋಡಬೇಕು.

ಇಬ್ಬರು ಜೊತೆಗಾರರಿದ್ದರೆ ಸರಿಹೋಗುತ್ತದೆ. ಮೊದಲ ದಿನದ ಕೊನೆಗೆ ಮೂವರ ಹತ್ತಿರವೂ 3. ಮೊದಲ ಜೊತೆಗಾರ ಉಳಿದಿಬ್ಬರಿಗೆ ಒಂದೊಂದು ಕೊಟ್ಟು, ಒಂದು ಇಟ್ಟುಕೊಂಡು ಮರಳುತ್ತಾನೆ. ಇಬ್ಬರ ಚೀಲವೂ ಮತ್ತೆ ಭರ್ತಿ, ತಲಾ 4. ಎರಡನೇ ದಿನದ ಕೊನೆಗೆ ತಲಾ 3. ಎರಡನೇ ಜೊತೆಗಾರ ಒಂದು ಕೊಟ್ಟು, ಎರಡು ದಿನದ ದಾರಿಗೆ ಎರಡು ಇಟ್ಟುಕೊಂಡು ಮರಳುತ್ತಾನೆ. ಪ್ರಯಾಣಿಕನ ಹತ್ತಿರ 4, ದಾರಿ 4 ದಿನ. ತಾಳೆ ನೋಡಿ: 2 + 4 + 6 = 12, ಶುರುವಿನಲ್ಲಿ ಹೊತ್ತದ್ದೂ 12. ಒಂದು ತುತ್ತೂ ಹಾಳಾಗಿಲ್ಲ.

## ಅಭ್ಯಾಸಕ್ಕೆ ಒಂದು

4000 ಹಣ್ಣು, ಹೊರೆ 1000, ದೂರ 1200 ಕಿಲೋಮೀಟರ್, ಒಂಟೆ ಮರಳಬೇಕಿಲ್ಲ. ಹಣ್ಣು ಕತ್ತರಿಸಬಾರದು, ಗುಡ್ಡೆ ಪೂರ್ತಿ ಕಿಲೋಮೀಟರ್‌ನಲ್ಲೇ ಇರಬೇಕು. ಕೆಳಗಿನದನ್ನು ಓದುವ ಮುಂಚೆ ನೀವೇ ಮಾಡಿ.

ಓಡಾಟ 7, 5, 3, 1. ಭಿನ್ನರಾಶಿಗೆ ಅವಕಾಶ ಇದ್ದಿದ್ದರೆ ಉತ್ತರ 476ಕ್ಕಿಂತ ಚೂರು ಜಾಸ್ತಿ, ಹಾಗಾಗಿ ಪೂರ್ಣಸಂಖ್ಯೆಯಲ್ಲಿ 476 ದಾಟುವಂತಿಲ್ಲ. ಪ್ರತಿ ಗುಡ್ಡೆಗೂ ಕೆಳಗಿನ ಸಂಖ್ಯೆ ತೆಗೆದುಕೊಂಡರೆ ಮೊದಲ ಗುಡ್ಡೆ 142ರಲ್ಲಿ, ಅಲ್ಲಿ 3006 ಇರುತ್ತದೆ, 6 ಬಿಡಬೇಕು, ಕೊನೆಗೆ 475 ಮುಟ್ಟುತ್ತದೆ. ಅದರ ಬದಲು ಮೊದಲ ಗುಡ್ಡೆಯನ್ನು 143ರಲ್ಲಿ ಹಾಕಿ ನೋಡಿ. ಅಲ್ಲಿ 2999. ಅಲ್ಲಿಂದ 200 ಕಿಲೋಮೀಟರ್ ಹೋದರೆ 343ರಲ್ಲಿ 1999. ಮತ್ತೆ 333 ಹೋದರೆ 676ರಲ್ಲಿ ಸರಿಯಾಗಿ 1000. ಉಳಿದ 524 ಕಳೆದರೆ 476.